ಅಮೃತಪ್ಪನವರ ಕಿವಿ ಮತ್ತು ಗರಗಸದ ಬ್ಲೇಡು

ಹಲಸೂರಿನ ನಮ್ಮ ಬೀದಿಯಲ್ಲಿ ಅಮೃತಪ್ಪನವರ ಸೌದೆ ಡಿಪೋ ಇದೆ. ಕಂಟೋನ್ಮೆಂಟಿನ ಹಳೇ ಬಂಗಲೆ ಕೆಡವಿದಾಗ ಸಿಗುವ ತೊಲೆ, ಬಾಗಿಲು, ಕಿಟಕಿಗಳನ್ನು ಕರೆಂಟ್ ಗರಗಸದಲ್ಲಿ ಕೊಯ್ದು ಶಿವಾಜಿನಗರದ ಬಿರಿಯಾನಿ ಅಡುಗೆಯವರಿಗೆ ಕೊಡುವುದು ಅವರ ಕಸುಬು. ನಲವತ್ತು ವರ್ಷದಿಂದ ಆ ಮಿಷನ್ನಿನ ಮುಂದೆ ನಿಂತವರು ಅವರೊಬ್ಬರೇ. ಸೊಸೆ ಹಂಸ ಒಮ್ಮೆ ಸ್ವಿಚ್ಚು ಮುಟ್ಟಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು.

ಬ್ಲೇಡು ಆರಿಸುವುದರಲ್ಲಂತೂ ತಮ್ಮನ್ನು ಮೀರಿಸಿದವರಿಲ್ಲ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಶಿವಾಜಿನಗರದ ಫಹೀಮ್ ಭಾಯ್ ಅಂಗಡಿಯಲ್ಲಿ ತಟ್ಟೆಯಗಲದ ಬ್ಲೇಡನ್ನು ನಡುವಿನ ತೂತಿಗೆ ಬೆರಳು ಹಾಕಿ ತೂಗಿಹಿಡಿದು, ಬೀಗದ ಕೈಯಿಂದ ಟಣ್ ಎನ್ನಿಸಿ, ಕಣ್ಣು ಮುಚ್ಚಿ ಕೇಳುವರು. ಗಟ್ಟಿ ಬ್ಲೇಡಿನ ನಾದವೇ ಬೇರೆ ಎಂಬುದು ಅವರ ಶಾಸ್ತ್ರ. ಅವರು ಬಂದ ದಿನ ಅರ್ಧ ಗಂಟೆ ಅಲ್ಲಿ ಮಂಗಳಾರತಿಯ ಗಂಟಾನಾದವೇ.

ಇಂಥವರ ಕೈಯಲ್ಲಿ ಒಂದೇ ತಿಂಗಳಿಗೆ ಮೂರು ಬ್ಲೇಡು ಹಲ್ಲುದುರಿಸಿಕೊಂಡವು. ಮೂರನೆಯದರ ಹಲ್ಲೊಂದು ಹಾರಿ, ಹಂಸಳ ತಲೆಯ ಪಕ್ಕದಲ್ಲೇ ಹೋಗಿ ಗೋಡೆಗೆ ನಾಟಿತು. ಅವಳು ಸೆರಗು ಬಿಗಿದು ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದಳು.

“ಮೊಳೆಗೆ ತಾಗ್ದಾಗ ಸದ್ದು ಬದಲಾಗತ್ತೆ ಮಾವ! ಅದು ನಿಮಗೆ ಕೇಳ್ತಿಲ್ಲ. ಕೇಳ್ಸತ್ತೆ ಅನ್ನೋದಾದ್ರೆ ನಾಳೆ ಅಂಗ್ಡೀಲಿ ತೋರ್ಸಿ. ಇಲ್ದಿದ್ರೆ ಮಿಷನ್ ನಂಗೆ ಬಿಡಿ.”

“ನನ್ ಕಿವಿಗೇನಾಗಿದೆ? ಬ್ಲೇಡ್ ಮಾಡೋರ್ಗೆ ನಿಯತ್ತಿಲ್ಲ,” ಎಂದರು ಅಮೃತಪ್ಪ. ಆದರೂ ಒಪ್ಪಿದರು. ತಮಾಷೆ ನೋಡಲು ನಾನೂ ಹೋದೆ. ಇಂಥದ್ದಕ್ಕೆ ನನಗೆ ಯಾವಾಗಲೂ ಪುರುಸೊತ್ತು.

ಮೊಣಕಾಲಿನ ಆಪರೇಷನ್ ಆಗಿ ಫಹೀಮ್ ಭಾಯ್ ಒಂದು ತಿಂಗಳಿಂದ ಮನೆಯಲ್ಲಿದ್ದರು. ಗಲ್ಲಾದಲ್ಲಿ ಮಗಳು ಸುಮೈರಾ ಕೂತಿದ್ದಳು. ಅಮೃತಪ್ಪ ಮೊದಲ ಬ್ಲೇಡು ತೂಗಿಹಿಡಿದು ಟಣ್ ಎನ್ನಿಸಿದರು. ಹಿಂದೆ ನಿಂತಿದ್ದ ಹಂಸ ಮಾಮೂಲಿ ದನಿಯಲ್ಲಿ, “ಮಾವ, ಪಂಚೆ ಜಾರ್ತಾ ಇದೆ,” ಎಂದಳು.

ಅಂಗಡಿಯಲ್ಲಿದ್ದ ಗಂಡಸರೆಲ್ಲ ಸೊಂಟ ಹಿಡಿದುಕೊಂಡರು. ಪ್ಯಾಂಟು ಹಾಕಿದ್ದ ನಾನೂ ಹಿಡಿದುಕೊಂಡೆ. ಅಮೃತಪ್ಪ ಮಾತ್ರ ಕಣ್ಣು ಮುಚ್ಚಿ ನಾದ ಸವಿಯುತ್ತಿದ್ದರು.

ಆಮೇಲೆ ಒಂದು ಕಣ್ಣು ತೆರೆದು ಸುಮೈರಾಳ ಮುಖ ನೋಡಿದರು. ಇನ್ನೊಂದು ಬಾರಿಸಿ ಮತ್ತೆ ನೋಡಿದರು. ನಾಲ್ಕನೆಯದನ್ನು ಕೆಳಗಿಟ್ಟರು.

“ನಿಮ್ಮಪ್ಪ ಆಗಿದ್ರೆ ಇಷ್ಟೊತ್ಗೆ ಹುಬ್ಬು ಎತ್ತಿರೋರಮ್ಮಾ,” ಎಂದುಬಿಟ್ಟರು.

ಗುಟ್ಟು ರಟ್ಟಾಯಿತು. ಎರಡು ವರ್ಷದಿಂದ ಅವರು ಬ್ಲೇಡು ಆರಿಸುತ್ತಿದ್ದುದು ಕಿವಿಯಿಂದಲ್ಲ, ಫಹೀಮ್ ಭಾಯ್ ಹುಬ್ಬಿನಿಂದ. ಸರಿಯಾದ ಬ್ಲೇಡು ಕೈಗೆ ಬಂದಾಗ ಆ ಹುಬ್ಬು ತಾನಾಗಿ ಮೇಲೇರುತ್ತಿತ್ತಂತೆ.

“ಮೂರು ಸಲಾನೂ ಹೇಳಿದ್ದೆ ಅಂಕಲ್,” ಎಂದಳು ಸುಮೈರಾ. “ಈ ಸಣ್ಣ ಹಲ್ಲಿಂದು ಪ್ಲೈವುಡ್‌ಗೆ. ಮೊಳೆ ಇರೋ ಹಳೇ ಮರಕ್ಕೆ ಹಲ್ಲು ಕಮ್ಮಿ ಇರ್ಬೇಕು, ದಪ್ಪ ಇರ್ಬೇಕು ಅಂತ. ನೀವು ತಲೆ ಆಡ್ಸಿ, ಇದನ್ನೇ ತಗೊಂಡ್ಹೋದ್ರಿ!”

ದಪ್ಪ ಹಲ್ಲಿನ ಬ್ಲೇಡನ್ನು ಹಂಸ ಕೊಂಡಳು. ದಾರಿಯುದ್ದಕ್ಕೂ ಅಮೃತಪ್ಪ ಹತ್ತು ಹೆಜ್ಜೆ ಹಿಂದೆಯೇ ನಡೆದರು. ನಗಲು ಹೋಗಿದ್ದ ನಾನೂ ಹಿಂದೆ ಉಳಿದು ಅವರ ಜೊತೆಗೇ ನಡೆದೆ.

ಮಾರನೇ ದಿನ ಮಿಷನ್ನಿನ ಮುಂದೆ ಹಂಸ ನಿಂತಳು. ಎದುರಿಗೆ ಅಮೃತಪ್ಪ ಮುಖ ಊದಿಸಿಕೊಂಡು ಹಲಗೆಗಳ ಮೊಳೆ ಕೀಳುತ್ತಿದ್ದರು. ತೇಗದ ತೊಲೆಯೊಂದನ್ನು ಅರ್ಧ ಕೊಯ್ದಾಗಿತ್ತು, ಅಷ್ಟರಲ್ಲಿ ಅವರು ಎಗರಿ ಬಂದು ಸ್ವಿಚ್ಚು ಆಫ್ ಮಾಡಿದರು.

“ಯಾಕ್ ಮಾವ? ಸದ್ದು ಸರಿಯಾಗೇ ಇತ್ತಲ್ಲ!” ಎಂದು ಹಂಸ ಕೂಗಿದಳು.

ಅವರು ಕೆಳಗೆ ಬಿದ್ದಿದ್ದ ಮರದ ಹೊಟ್ಟು ತೋರಿಸಿದರು. ಕಂದು ಹೊಟ್ಟಿನ ಮೇಲೆ ಕಪ್ಪು ಹೊಟ್ಟು ಉದುರಿತ್ತು. ಕೊಡಲಿಯಿಂದ ತೊಲೆ ಸೀಳಿದರೆ ಒಳಗೆ ತಲೆ ಮುರಿದ ಬೆರಳುದ್ದದ ಮೊಳೆ. ಬ್ಲೇಡು ಅದಕ್ಕೆ ಇನ್ನೇನು ತಾಗಬೇಕಿತ್ತು.

“ಮೊಳೆ ತುಕ್ಕು ಹಿಡಿದ್ರೆ ಸುತ್ತ ಮರ ಕಪ್ಪಾಗತ್ತೆ. ಅದನ್ನ ನೋಡೋಕೆ ಕಿವಿ ಯಾಕೆ?”

“ನಂಗೂ ಹೇಳ್ಕೊಡಿ ಮಾವ,” ಎಂದಳು ಹಂಸ ಮೆಲ್ಲಗೆ. ಅದು ಅವರಿಗೆ ಕೇಳಿಸಲಿಲ್ಲ. ಆದರೆ ಮೇಲೇರಿದ್ದ ಅವಳ ಹುಬ್ಬು ಕಂಡಿತು.

“ಹೂಂ,” ಎಂದರು ಅಮೃತಪ್ಪ, ಬ್ಲೇಡನ್ನು ಬೀಗದ ಕೈಯಿಂದ ಟಣ್ ಎನ್ನಿಸಿ. “ಒಳ್ಳೇದನ್ನೇ ಆರ್ಸಿದೀನಿ.”