ಹೆಸರಿನ ಪ್ರಕಾರ ಅಂಟಿಸಿದ ರಿಸಲ್ಟ್

ಕರಿಯಪ್ಪನದು ಮಾತಿಗಿಂತ ಕೈ ಮುಂದು. ಎದುರು ಮಾತಾಡಿದ ಆಟೋದವನಿಗೆ ಹೊಡೆದಿದ್ದ, ನ್ಯೂಸ್ ನಡುವೆ ಕೈಕೊಟ್ಟ ಟೀವಿಗೆ ಹೊಡೆದಿದ್ದ, ಕಾರ್ಖಾನೆಯಲ್ಲಿ ಮೇಸ್ತ್ರಿಯ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿ ಸಸ್ಪೆಂಡ್ ಆಗಿದ್ದ. ಜನ್ನಾಪುರದಲ್ಲಿ ಹಿಟ್ಟಿನ ಗಿರಣಿ ನನ್ನದು, ಅವನ ಮನೆ ನನ್ನ ಗೋಡೆಗೆ ಅಂಟಿಕೊಂಡೇ ಇತ್ತು. ಗಿರಣಿಯ ಗಲಾಟೆಯಲ್ಲೂ ಆ ಮನೆಯ ಏಟಿನ ಸದ್ದು ಕೇಳುತ್ತಿತ್ತು ಎಂದರೆ ನೀವೇ ಲೆಕ್ಕ ಹಾಕಿ. ಹೆಂಡತಿ ಸಣ್ಣಮ್ಮ ಕೆನ್ನೆ ಊದಿಸಿಕೊಂಡು ರಾಗಿ ಬೀಸಲು ಬಂದಾಗ "ಬಾಗಿಲು ತಾಗ್ತು ಅಕ್ಕಾ" ಅನ್ನುವಳು. ಎಂಥ ಬಾಗಿಲೋ, ಯಾವಾಗಲೂ ಇವಳ ಮುಖಕ್ಕೇ ಬಂದು ತಾಗುವುದು!

ಹಾಗಂತ ರಾಕ್ಷಸ ಅಂದುಬಿಟ್ಟರೆ ಸುಳ್ಳಾಗುತ್ತದೆ. ನನಗೆ ಸಿಟ್ಟು ಬರಿಸುವುದೂ ಅದೇ. ನನ್ನ ಯಜಮಾನರು ತೀರಿಕೊಂಡಾಗ ಮೊದಲು ಹೆಗಲು ಕೊಟ್ಟವನು ಅವನು. ಗಿರಣಿಯ ಬೆಲ್ಟು ಕಿತ್ತರೆ ಕರೆಯದೆ ಬಂದು ಹಾಕಿಕೊಡುತ್ತಿದ್ದ. ಒಬ್ಬಳೇ ಮಗಳು ದಿವ್ಯಶ್ರೀ ಎಂದರೆ ಪ್ರಾಣ, ಅವಳ ಪುಸ್ತಕಗಳಿಗೆ ತಾನೇ ಕೂತು ಬೈಂಡ್ ಹಾಕುತ್ತಿದ್ದ. ಚಿಕ್ಕಂದಿನಲ್ಲಿ ಶಂಕರಘಟ್ಟದ ಹತ್ತಿರದ ಊರಲ್ಲಿ ಅವನಪ್ಪ ಎತ್ತಿಗೆ ಹೊಡೆಯುವ ಬಾರುಕೋಲಲ್ಲೇ ಇವನಿಗೂ ಹೊಡೆಯುತ್ತಿದ್ದನಂತೆ. ಬೆನ್ನ ಮೇಲಿನ ಗುರುತು ತೋರಿಸಿ, "ಇದ್ರಿಂದ್ಲೇ ಅಕ್ಕಾ ನಾನು ಮನುಷ್ಯ ಆಗಿದ್ದು" ಎಂದು ಹೆಮ್ಮೆ ಪಡುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ದಿವ್ಯಶ್ರೀ ಎರಡನೇ ಪಿಯುಸಿ ಪರೀಕ್ಷೆ ಬರೆದದ್ದು ಎರಡು ಸಾವಿರದ ನಾಲ್ಕರಲ್ಲಿ. ಕರಿಯಪ್ಪ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದ: "ಪಾಸಾದ್ರೆ ಶಿವಮೊಗ್ಗದಲ್ಲಿ ಡಿಗ್ರಿಗೆ ಸೇರಿಸ್ತೀನಿ. ಫೇಲಾದ್ರೆ ನನ್ನ ತಂಗಿ ಮಗನಿಗೆ ಕೊಟ್ಟು ಕೈ ತೊಳ್ಕೊಳ್ತೀನಿ." ಆ ತಂಗಿ ಮಗ ಕುಡಿಯದ ದಿನವೇ ಇರಲಿಲ್ಲ. ಹುಡುಗಿ ಜೀವ ಬಿಟ್ಟು ಓದುತ್ತಿದ್ದಳು, ಪಾಪ.

ನನ್ನ ಗಿರಣಿಯ ಎದುರಿಗೇ ಶಿವರಾಜನ ಸೈಬರ್ ಸೆಂಟರ್. ರಿಸಲ್ಟಿನ ದಿನ ಒಬ್ಬೊಬ್ಬರಿಗೂ ನಂಬರ್ ಹೊಡೆದು ತೋರಿಸಿ ಸಾಕಾಗಿದ್ದ ಅವನು ಆ ವರ್ಷ ಒಂದು ಜಾಣತನ ಮಾಡಿದ. ಕಾಲೇಜಿನ ರಿಸಲ್ಟ್ ಪೂರ್ತಿ ವೆಬ್ ಪೇಜಿನಲ್ಲಿ ಟೇಬಲ್ಲಾಗಿ ಬಂದಿತ್ತು. ಒಂದೊಂದು ಸಾಲಿನಲ್ಲಿ ನಂಬರು, ಹೆಸರು, ಅಂಕ, ಪಾಸೋ ಫೇಲೋ. ಅದನ್ನು ಹಾಗೇ ಎತ್ತಿ ಎಕ್ಸೆಲ್ ಫೈಲಿಗೆ ಹಾಕಿಕೊಂಡ. ನಮ್ಮ ಬೀದಿಯಲ್ಲಿ ನಂಬರು ಯಾರಿಗೆ ನೆನಪಿರುತ್ತದೆ? ಎಲ್ಲರೂ ಹುಡುಕುವುದು ಹೆಸರನ್ನೇ. ಅದಕ್ಕೇ ನಂಬರಿನ ಕಾಲಂ ಅಳಿಸಿ, ಹೆಸರುಗಳನ್ನು ಎ ಬಿ ಸಿ ಕ್ರಮಕ್ಕೆ ಜೋಡಿಸಿ, ಪ್ರಿಂಟ್ ತೆಗೆದು ಅಂಗಡಿಯ ಗೋಡೆಗೆ ಅಂಟಿಸಿದ.

ಕರಿಯಪ್ಪ ಮೊದಲ ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಬಂದು ಬೆರಳಿಟ್ಟು ಹುಡುಕಿದ. ಮಗಳ ಹೆಸರಿನ ಮುಂದೆ 'ಫೇಲ್' ಎಂದಿತ್ತು. ಪಕ್ಕದವರು ಯಾರೋ "ಹೋಗ್ಲಿ ಬಿಡು ಮಾರಾಯ, ಇನ್ನೊಂದ್ಸಲ ಕಟ್ಟಿದ್ರಾಯ್ತು" ಎಂದರು. ಅವನಿಗೆ ಕಿವಿಯೇ ಇರಲಿಲ್ಲ.

ದಿವ್ಯಶ್ರೀ ಬಾಗಿಲಲ್ಲೇ ನಿಂತಿದ್ದಳು. "ಅಪ್ಪಾ, ನಂಬರ್ ಹಾಕಿ ನೋಡೋಣ, ನಾನು ಚೆನ್ನಾಗೇ ಬರ್ದಿದೀನಿ…" ಮುಗಿಸಲು ಬಿಡಲಿಲ್ಲ. ಜಡೆ ಹಿಡಿದು ಒಳಗೆಳೆದು ಸೈಕಲ್ ಪಂಪಿನಲ್ಲಿ ಬಾರಿಸಿದ. ಬೆನ್ನಿಗೆ ಬಿತ್ತು, ತೊಡೆಗೆ ಬಿತ್ತು, ತಲೆಗೆ ಅಡ್ಡ ಹಿಡಿದ ಬಲಗೈಗೆ ಬಿತ್ತು. ಕಾಲು ಹಿಡಿದ ಸಣ್ಣಮ್ಮನನ್ನು ಒದ್ದ. ನಾನು ಗಿರಣಿ ನಿಲ್ಲಿಸಿ ಓಡಿದೆ. "ಬಿಡೋ ಪಾಪಿ, ಸಾಯ್ತಾಳೆ ಕಣೋ!" ಎಂದು ಅಂಗಿ ಹಿಡಿದು ಜಗ್ಗಿದರೆ ನನ್ನನ್ನೂ ತಳ್ಳಿದ. ಹೊಸ್ತಿಲಿಗೆ ಬಡಿದು ನನ್ನ ಹಣೆ ಒಡೆಯಿತು. ಹುಡುಗಿಯ ಕೈಮೂಳೆ ಲಟಕ್ಕೆಂದ ಮೇಲೆಯೇ ಅವನು ನಿಲ್ಲಿಸಿದ್ದು.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮಗಳ ಎದುರೇ ತಂಗಿಗೆ ಫೋನ್ ಮಾಡಿ "ಬಂದು ಹೂವು ಮುಡಿಸಿ ಹೋಗಿ" ಎಂದ. ಅವಳು ಗೋಡೆ ನೋಡುತ್ತ ಕೂತಿದ್ದಳು.

ಮರುದಿನ ಹಿಟ್ಟಿಗೆ ಬಂದ ಮೂರ್ತಪ್ಪ ಅದೇ ಲಿಸ್ಟಿನಲ್ಲಿ ತನ್ನ ಮಗ ಫಸ್ಟ್ ಕ್ಲಾಸ್ ಎಂದು ಪೇಡ ಕೊಟ್ಟ. ನನಗೆ ತಲೆ ಗಿರ್ ಎಂದಿತು. ಇಂಗ್ಲಿಷ್ ಪರೀಕ್ಷೆ ನಡೆಯುವ ಹೊತ್ತಿಗೇ ಆ ಹುಡುಗ ಭದ್ರಾ ಹೊಳೆಯಲ್ಲಿ ಈಜುತ್ತಿದ್ದುದನ್ನು ನಾನೇ ಕಣ್ಣಾರೆ ಕಂಡಿದ್ದೆ! ಸಣ್ಣಮ್ಮನಿಂದ ಹಾಲ್ ಟಿಕೆಟ್ ಇಸಿದುಕೊಂಡು ಹೋಗಿ ಶಿವರಾಜನ ಮುಂದೆ ಕುಕ್ಕಿದೆ. "ನಂಬರ್ ಹೊಡಿಯೋ." ಹೊಡೆದ. ದಿವ್ಯಶ್ರೀ ಕೆ., ಫಸ್ಟ್ ಕ್ಲಾಸ್.

ಶಿವರಾಜನ ಮುಖ ಬಿಳಿಚಿಕೊಂಡಿತು. "ಅಯ್ಯಯ್ಯೋ, ಹೆಸರಿನ ಕಾಲಂ ಒಂದನ್ನೇ ಜೋಡಿಸ್ಬಿಟ್ಟಿದೀನಿ ಅಕ್ಕಾ. ಹೆಸರು ಮಾತ್ರ ಮೇಲೆ ಕೆಳಗೆ ಆಗಿದೆ, ಅಂಕ ಇದ್ದಲ್ಲೇ ಇದೆ. ಒಬ್ರ ರಿಸಲ್ಟು ಇನ್ನೊಬ್ರಿಗೆ ಹೋಗಿದೆ." ನಂಬರು ಉಳಿಸಿದ್ದರೆ ಯಾರಾದರೂ ಹಿಡಿಯುತ್ತಿದ್ದರೋ ಏನೋ.

ಸುದ್ದಿ ಮುಟ್ಟಿದ್ದೇ ತಡ ಕರಿಯಪ್ಪ ಕಬ್ಬಿಣದ ರಾಡು ಹಿಡಿದು ಬಂದ. ಮಾನಿಟರ್ ಒಡೆದ, ಗಾಜಿನ ಬಾಗಿಲು ಒಡೆದ, ಶಿವರಾಜನ ಬಾಯಿಗೆ ಗುದ್ದಿ ಕೆಳಗೆ ಕೆಡವಿದ. "ನಿನ್ನಿಂದ ನನ್ನ ಮಗಳ ಕೈ ಮುರೀತಲ್ಲೋ ಬೋಳಿಮಗನೇ!" ಬೀದಿಯೇ ನಿಂತು ನೋಡುತ್ತಿತ್ತು, ಒಬ್ಬರಿಗೂ ಹತ್ತಿರ ಹೋಗುವ ಧೈರ್ಯವಿರಲಿಲ್ಲ.

ದಿವ್ಯಶ್ರೀ ಗಾಜಿನ ಚೂರು ತುಳಿದುಕೊಂಡೇ ಬಂದು ನಡುವೆ ನಿಂತಳು. "ಅಪ್ಪಾ, ಅವ್ರು ತಪ್ಪು ಲಿಸ್ಟ್ ಅಂಟಿಸಿದ್ರು. ಕೈ ಮುರಿದಿದ್ದು ನೀನು."

"ನನಗೇನು ಗೊತ್ತು ಮಗಾ, ಫೇಲ್ ಅಂತ ಇತ್ತಲ್ಲ!"

"ನಾನು ನಿಜವಾಗ್ಲೂ ಫೇಲಾಗಿದ್ರೆ? ಆಗ ಇದು ಸರಿ ಇರ್ತಿತ್ತಾ?"

ಕರಿಯಪ್ಪ ಶಿವರಾಜನನ್ನು ಬಿಟ್ಟು ಹಿಂದೆ ಸರಿದ. ರಾಡು ಹಿಡಿದೇ ಮನೆಗೆ ನಡೆದ.

ಮದುವೆಯ ಮಾತು ಅಲ್ಲಿಗೇ ಬಿತ್ತು. ದಿವ್ಯಶ್ರೀ ಶಿವಮೊಗ್ಗದ ವಿನೋಬನಗರದ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಡಿಗ್ರಿ ಓದುವುದೆಂದಾಯಿತು. ಹೊರಡುವ ದಿನ ಬಸ್ ಸ್ಟ್ಯಾಂಡಿಗೆ ನಾನೂ ಹೋಗಿದ್ದೆ. ಪ್ಲಾಸ್ಟರ್ ಬಿಚ್ಚಿದ್ದ ಕೈ ಸಣಕಲಾಗಿತ್ತು. ಕರಿಯಪ್ಪ ಟ್ರಂಕನ್ನು ಬಸ್ಸಿನೊಳಗೆ ಇಟ್ಟು ಇಳಿದು ಬಂದ. ಕಣ್ಣಲ್ಲಿ ನೀರಿತ್ತು.

"ಚೆನ್ನಾಗಿ ಓದು ಮಗಾ" ಎಂದು ತಲೆ ಸವರಲು ಕೈ ಎತ್ತಿದ.

ದಿವ್ಯಶ್ರೀ ಕಣ್ಣು ಬಿಗಿಯಾಗಿ ಮುಚ್ಚಿ, ಎರಡೂ ಕೈ ತಲೆಗೆ ಅಡ್ಡ ಹಿಡಿದು ಕುಗ್ಗಿಬಿಟ್ಟಳು. ಕಿಟಕಿಯಲ್ಲಿ ಕೂತವರೆಲ್ಲ ನೋಡಿದರು. ಕರಿಯಪ್ಪನೂ ನೋಡಿದ.