‘ತಾನೇ’ ಎಂಬ ಎರಡಕ್ಷರ

ಡಾಕ್ಟರಮ್ಮನಿಗೆ ವಿದ್ಯಾರ್ಥಿಗಳು ಇಟ್ಟಿದ್ದ ಅಡ್ಡಹೆಸರು ‘ತಾನೇ ಮೇಡಂ’. ಆ ಎರಡಕ್ಷರ ಕಿವಿಗೆ ಬಿದ್ದರೆ ಸಾಕು, ಆಕೆಗೆ ಮೈಯೆಲ್ಲ ಉರಿಯುತ್ತಿತ್ತು. ಮನೆಯಲ್ಲಿ ಗಂಡ ಮರೆತು “ಊಟ ಆಯ್ತು ತಾನೇ?” ಅಂದರೂ ಬಿಡುತ್ತಿರಲಿಲ್ಲ. “ಊಟ ಆಯ್ತಾ ಅಂತ ಕೇಳಿ. ಉತ್ತರಾನೂ ನೀವೇ ಕೊಟ್ಟ ಮೇಲೆ ನಾನ್ಯಾಕೆ ಬಾಯಿ ಬಿಡ್ಲಿ?” ಪಾಪ, ಆತ ಕೇಳುವುದನ್ನೇ ಬಿಟ್ಟು ಸುಮ್ಮನೆ ತಟ್ಟೆ ಇಡತೊಡಗಿದ.

ಆಸ್ಪತ್ರೆಯಲ್ಲಿ ತಪ್ಪು ಹೇಗಾಗುತ್ತದೆ ಅಂತ ಹುಡುಕುವುದೇ ಆಕೆಯ ಹದಿನೆಂಟು ವರ್ಷದ ಕೆಲಸ. ಉಳಿದವರು ರೋಗ ಹುಡುಕಿದರೆ ಈಕೆ ವಾರ್ಡಿನ ಮೂಲೆಯಲ್ಲಿ ಸ್ಟೂಲ್ ಹಾಕಿಕೊಂಡು, ಯಾರು ಯಾರನ್ನು ಏನು ಕೇಳಿದರು ಅಂತ ಬರೆದುಕೊಳ್ಳುತ್ತಿದ್ದಳು. ಬರೆದು ಬರೆದು ಕಂಡದ್ದಿಷ್ಟು: ಬಿಳಿ ಕೋಟಿನವರು “ತಾನೇ?” ಅಂದರೆ ರೋಗಿ “ಹೂಂ” ಅನ್ನುತ್ತಾನೆ. ಅದು ಹೌದು ಅಂತಲ್ಲ, ಕೇಳಿಸಿತು ಸ್ವಾಮಿ ಅಂತ. ಇಷ್ಟು ತಿಳಿಯಲು ಹದಿನೆಂಟು ವರ್ಷ ಬೇಕಾ ಅಂತ ನಗುವವರು ನಗಲಿ. ಓದಿದವರಿಗೆ ಇದನ್ನು ಒಪ್ಪಿಸುವುದು ಕಲ್ಲಿನಲ್ಲಿ ನಾರು ತೆಗೆದಂತೆ.

ಅವತ್ತು ತರಗತಿಯಲ್ಲಿ ಹಳೆಯ ಕಥೆ ತೆಗೆದಳು. ಒಬ್ಬ ಡಾಕ್ಟರು “ಎಡಗಣ್ಣು ತಾನೇ?” ಅಂದದ್ದು, ಮುದುಕ “ಹೂಂ” ಅಂದದ್ದು, ಎಡಗಣ್ಣಿಗೇ ಆಪರೇಷನ್ ಆಗಿಹೋದದ್ದು. ಆಗಬೇಕಿದ್ದದ್ದು ಬಲಗಣ್ಣಿಗೆ.

ಹಿಂದಿನ ಬೆಂಚಿನಿಂದ ಒಬ್ಬ, “ಯಾರ್ ಮೇಡಂ ಆ ದಡ್ಡ ಶಿಖಾಮಣಿ?” ಅಂದ. ತರಗತಿ ಗೊಳ್ಳೆಂದಿತು.

ವರ್ಷವರ್ಷವೂ ಈ ನಗುವನ್ನು ನುಂಗಿಕೊಂಡೇ ಆಕೆ ಮುಂದೆ ಹೋಗುತ್ತಿದ್ದಳು. ನಗುವವರು ಯಾರೂ ತಮ್ಮ ತಪ್ಪಿನ ಬಗ್ಗೆ ಬಾಯಿ ಬಿಡುವುದಿಲ್ಲ, ಅದು ಗೊತ್ತಿತ್ತು. ನಿಜ ಹೇಳಿದರೆ ನಾಳೆಯಿಂದ ಈ ಮಕ್ಕಳು ತನ್ನ ಮಾತಿಗೆ ಮೂರು ಕಾಸಿನ ಬೆಲೆ ಕೊಡುತ್ತಾರಾ? ಆದರೂ ಈ ಸಲ ಹಿಂದಿನ ಬೆಂಚಿನತ್ತ ತಿರುಗಿದಳು.

“ನಾನೇ ಕಣಪ್ಪ.”

ನಗು ಬಾಯಲ್ಲೇ ಸತ್ತಿತು. “ತಪ್ಪು ನಿಮ್ದು ಅಂತ ಆ ಅಜ್ಜನಿಗೆ ಹೇಳಿದ್ರಾ?” ಅಂದ ಅದೇ ಹುಡುಗ, ದನಿ ತಗ್ಗಿಸಿ.

“ಹೇಳ್ದೆ. ಎರಡು ದಿನ ತಡವಾಗಿ. ಅವರ ಮಗಳು ನನ್ನ ಮುಖಾನೂ ನೋಡ್ಲಿಲ್ಲ.”

ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಮೇಡಂ, ಬೆಳಿಗ್ಗೆ ಮೂರನೇ ಬೆಡ್ಡಿನ ಅಜ್ಜಿಗೆ... ರಕ್ತ ತೆಳು ಮಾಡೋ ಮಾತ್ರೆ ನಿಲ್ಸಿದೀರಿ ತಾನೇ ಅಂದೆ. ಹೂಂ ಅಂದ್ರು. ನಿಲ್ಸಿದ್ದಾರೆ ಅಂತ ಬರ್ದುಬಿಟ್ಟೆ.”

“ಆಪರೇಷನ್ ಎಷ್ಟೊತ್ತಿಗೆ?”

“ಹನ್ನೊಂದಕ್ಕೆ.”

ಗೋಡೆ ಗಡಿಯಾರದಲ್ಲಿ ಹತ್ತೂವರೆ. ಆ ಮಾತ್ರೆ ನಿಲ್ಲಿಸದೆ ಕೊಯ್ದರೆ ರಕ್ತ ನಿಲ್ಲುವುದಿಲ್ಲ. ಡಾಕ್ಟರಮ್ಮ ಸೀಮೆಸುಣ್ಣ ಬಿಸಾಕಿ ದಡದಡ ಮೆಟ್ಟಿಲಿಳಿದಳು; ಇಡೀ ತರಗತಿ ಹಿಂದೆ.

ಹುಡುಗಿ ಮೂರನೇ ಬೆಡ್ಡಿನ ಬಳಿ ಬಗ್ಗಿದಳು. “ಅಜ್ಜಿ, ರಕ್ತ ತೆಳು ಮಾಡೋ ಮಾತ್ರೆ ಕೊನೇ ಸಲ ಯಾವಾಗ ತಗೊಂಡ್ರಿ?”

“ಇವತ್ತು ಬೆಳಿಗ್ಗೆ ಕಣಮ್ಮ. ಒಂದು ದಿನಾನೂ ತಪ್ಸಿದೋಳಲ್ಲ ನಾನು,” ಅಂದಳು ಅಜ್ಜಿ ಹೆಮ್ಮೆಯಿಂದ.

ಹುಡುಗಿಯ ಕಣ್ಣು ತುಂಬಿತು. “ನೀವು ಬೈಯಲ್ವಾ ಮೇಡಂ?”

“ಬೈತೀನಿ, ಪುರುಸೊತ್ತಾಗಿ ಕೂತು ಬೈತೀನಿ. ಮೊದ್ಲು ಆಪರೇಷನ್ ಥಿಯೇಟರಿಗೆ ಫೋನ್ ಮಾಡಿ ನಿಲ್ಸು. ನಿನ್ನ ಬಾಯಿಂದ್ಲೇ ಹೇಳು.”

ಆ ಕಡೆಯಿಂದ ಸರ್ಜನ್ ಗದರುವುದು ಬೆಡ್ಡಿನವರೆಗೂ ಕೇಳಿಸಿತು. ಡಾಕ್ಟರಮ್ಮ ಫೋನ್ ಕಸಿದುಕೊಳ್ಳಲಿಲ್ಲ. ತೊದಲುತ್ತಲೇ ಹುಡುಗಿ ಮಾತು ಮುಗಿಸುವವರೆಗೂ, ಆಕೆಯ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದಳು.