ಕೋಳಿಮರಿಗೆಂದು ಇಟ್ಟ ಹಳದಿ ಹಿಟ್ಟು

ನನ್ನ ಓರಗಿತ್ತಿಯನ್ನು ನಾನು ಅಕ್ಕ ಎಂದೇ ಕರೆಯುವುದು. ಅವಳ ವಿಷಯ ಬರೆಯಬೇಕೆಂದರೆ ಹಿಟ್ಟಿನಿಂದಲೇ ಶುರು ಮಾಡಬೇಕು.

ಬಟ್ಟೆ ಹೊಲಿಯುವ ಕಾರ್ಖಾನೆಯೊಂದರಲ್ಲಿ, ಕೆಲಸದ ಹೆಂಗಸರು ಮಕ್ಕಳನ್ನು ಬಿಟ್ಟು ಹೋಗುವ ಕೋಣೆಯಲ್ಲಿ ಅವಳು ಆಯಾ ಆಗಿದ್ದಳು. ಗೋಡೆಯಾಚೆ ಮಿಷನ್ನುಗಳ ಸದ್ದು, ಈಚೆ ಮಕ್ಕಳ ಗಲಾಟೆ. ಆಟದ ಸಾಮಾನೆಂದರೆ ದಾರ ಮುಗಿದ ಉರುಳೆಗಳು, ಅಷ್ಟೆ. ಅದಕ್ಕೇ ಅಕ್ಕ ಮನೆಯಲ್ಲಿ ಆಟದ ಹಿಟ್ಟು ಮಾಡಿಕೊಂಡು ಹೋಗುತ್ತಿದ್ದಳು.

ಮೈದಾ ಎರಡು ಲೋಟ, ಪುಡಿ ಉಪ್ಪು ಒಂದು ಲೋಟ, ನೀರು ಎರಡು ಲೋಟ, ಒಂದು ನಿಂಬೆಹಣ್ಣಿನ ರಸ, ಸ್ವಲ್ಪ ಎಣ್ಣೆ. ಗಂಟಿಲ್ಲದ ಹಾಗೆ ಕದಡಿ ಸಣ್ಣ ಉರಿಯಲ್ಲಿ ಮಗುಚುತ್ತಿರಬೇಕು. ಪಾತ್ರೆ ಬಿಟ್ಟು ಉಂಡೆಯಾಗಿ ಬಂದಾಗ ಇಳಿಸಿ, ಅಂಗೈಗೆ ಎಣ್ಣೆ ಸವರಿಕೊಂಡು, ಬಿಸಿಯಿರುವಾಗಲೇ ನಾದಬೇಕು. ಹದ ನೋಡುವುದಕ್ಕೆ ಅಕ್ಕ ಒಂದು ಕೈಯಲ್ಲಿ ಹಿಟ್ಟನ್ನೂ ಇನ್ನೊಂದರಲ್ಲಿ ತನ್ನ ಕಿವಿಯ ಹಾಲೆಯನ್ನೂ ಅಮುಕಿ ನೋಡುವಳು. ಎರಡೂ ಒಂದೇ ಸಮ ಮೆತ್ತಗಿರಬೇಕು. ಹೀಗಾಗಿ ಅವಳ ಕಿವಿಗೆ ಯಾವಾಗಲೂ ಹಿಟ್ಟು ಮೆತ್ತಿರುತ್ತಿತ್ತು. ಕೆಂಪಿಗೆ ಬೀಟ್‌ರೂಟು, ಹಸಿರಿಗೆ ಸೊಪ್ಪಿನ ರಸ, ಹಳದಿಗೆ ಅರಿಶಿನ.

ಆ ಕೋಣೆಗೆ ಕಾಲರ್ ಹೊಲಿಯುವವಳ ಮಗಳೊಬ್ಬಳು ಬರುತ್ತಿದ್ದಳು. ಸೊಂಟದ ಮೇಲೆ ಕೈಯಿಟ್ಟು ದೊಡ್ಡವರ ಹಾಗೆ ಮಾತಾಡುತ್ತಿದ್ದುದರಿಂದ ಅಕ್ಕ ಅವಳನ್ನು ಪುಟ್ಟಜ್ಜಿ ಎನ್ನುತ್ತಿದ್ದಳು. ಅಕ್ಕನಿಗೆ ಹೊಟ್ಟೆಯಲ್ಲಿ ಹುಟ್ಟಿದವರಿಲ್ಲ. ಕೋಣೆಯ ಮಕ್ಕಳೆಲ್ಲ ಒಂದು ತೂಕವಾದರೆ ಪುಟ್ಟಜ್ಜಿಯೊಬ್ಬಳೇ ಒಂದು ತೂಕ.

ಒಂದು ಸಂಜೆ ಪುಟ್ಟಜ್ಜಿ ಕೆಂಪು ಹಿಟ್ಟಿನಲ್ಲಿ ಕೋಳಿ ಮಾಡಿದಳು. ಮರಿಗಳಿಗೆ ಹಳದಿ ಉಂಡೆ ಎತ್ತಿಕೊಳ್ಳುವಷ್ಟರಲ್ಲಿ ತಾಯಿ ಬಂದು ಕೈ ಹಿಡಿದಳು.

“ಆಯಮ್ಮಾ, ಈ ಹಳದಿ ನಂದು. ನಾಳೆ ಬಂದು ಮರಿ ಮಾಡ್ತೀನಿ. ಯಾರಿಗೂ ಕೊಡ್ಬೇಡ.”

“ಕೊಡಲ್ಲ ಕಣೇ.”

“ಒಣಗಿಸ್ಬಿಟ್ಟೀಯ ಮತ್ತೆ.”

“ಇಲ್ಲ ಪುಟ್ಟಜ್ಜಿ, ಒಣಗ್ಸಲ್ಲ. ಹೋಗಿ ಬಾ.”

ಮಾರನೆಯ ದಿನ ಪುಟ್ಟಜ್ಜಿ ಬರಲಿಲ್ಲ. ಬೇರೆಲ್ಲೋ ಕೆಲಸ ಸಿಕ್ಕಿತೆಂದು ಆ ಮನೆಯವರು ಗಂಟುಮೂಟೆ ಕಟ್ಟಿದ್ದರು. ಯಾವ ಊರೆಂದು ತಾಯಿಯ ಪಕ್ಕದ ಮಿಷನ್ನಿನವಳಿಗೂ ಗೊತ್ತಿರಲಿಲ್ಲ.

ಅಕ್ಕ ಕೋಳಿಯನ್ನೂ ಹಳದಿ ಉಂಡೆಯನ್ನೂ ಮನೆಗೆ ತಂದಳು. ಕೋಳಿ ಅಡುಗೆಮನೆಯ ಗೂಡಿನಲ್ಲಿ ಒಣಗಿ ಕಲ್ಲಾಯಿತು. ಉಂಡೆಗೆ ಮಾತ್ರ ಒದ್ದೆ ಬಟ್ಟೆ, ಮುಚ್ಚಳದ ಡಬ್ಬಿ. ಆದರೆ ಹಿಟ್ಟಿಗೂ ಒಂದು ಆಯಸ್ಸಿದೆ. ಅದು ಹಾಳಾಗುವ ಮೊದಲೇ ಅಕ್ಕ ಹೊಸದು ಮಾಡಿ, ಹಳೆಯದರಲ್ಲಿ ಒಂದು ಚೂರು ಮುರಿದು ಅದರೊಳಗೆ ನಾದುವಳು, ಹಾಲಿಗೆ ಹೆಪ್ಪು ಹಾಕಿದ ಹಾಗೆ.

“ಇದಕ್ಕೂ ಹೆಪ್ಪಾ ಅಕ್ಕ? ಹೊಸದು ಹೊಸದೇ ಅಲ್ವಾ?” ಎಂದೆ ಒಂದು ಸಲ.

“ಹಾಗಾದ್ರೆ ನಿಮ್ಮನೆ ಮೊಸರು ಯಾವತ್ತಿಂದು, ಹೇಳು ನೋಡೋಣ.”



ಭಾವ, ಅಂದರೆ ಅಕ್ಕನ ಗಂಡ, ಬಸ್ಸು ಓಡಿಸುತ್ತಿದ್ದರು. ಊಟದ ವಿಷಯದಲ್ಲಿ ಒಂದು ದಿನವೂ ಹೆಂಡತಿಗೆ ಕೊಂಕು ನುಡಿದವರಲ್ಲ. ಒಮ್ಮೆ ನನಗೆ ಜ್ವರವೆಂದು ಅಕ್ಕ ನಮ್ಮ ಮನೆಗೆ ಬಂದಿದ್ದಳು. ಭಾವ ಹಸಿದು ಮನೆಗೆ ಹೋಗಿ ನೋಡಿದರೆ ಡಬ್ಬಿಯಲ್ಲಿ ಹಳದಿ ಹಿಟ್ಟು, ಒದ್ದೆ ಬಟ್ಟೆ ಮುಚ್ಚಿದೆ. ತಮಗೇ ಕಲಸಿಟ್ಟಿದ್ದಾಳೆಂದು ತಿಳಿದರು. ಅಕ್ಕ ಮನೆಗೆ ಬಂದಾಗ ಆದ ಮಾತು ಇಷ್ಟು:

“ಡಬ್ಬೀಲಿದ್ದ ಹಿಟ್ಟೆಲ್ಲಿ?”

“ರೊಟ್ಟಿ ಮಾಡ್ಕೊಂಡೆ.”

“ತಿಂದ್ರಾ?”

“ತಿಂದೆ. ಉಪ್ಪು ಒಂಚೂರು ಮುಂದಿತ್ತು.” ಹಾಗೆಂದು ಮತ್ತೊಂದು ಚೊಂಬು ನೀರು ಕುಡಿದರಂತೆ.

ನಾವೆಲ್ಲ ಈಗಲೂ ನೆನೆದು ನಗುತ್ತೇವೆ. ಅಕ್ಕ ಆಗ ನಗಲಿಲ್ಲ. ಖಾಲಿ ಡಬ್ಬಿ ಮಡಿಲಲ್ಲಿಟ್ಟುಕೊಂಡು ಅಡುಗೆಮನೆಯ ನೆಲದಲ್ಲಿ ಕೂತುಬಿಟ್ಟಳು. ಮಕ್ಕಳಾಗಲಿಲ್ಲವೆಂದು ಜನ ಆಡಿಕೊಂಡಾಗಲೂ ಅವಳು ಹಾಗೆ ಕೂತದ್ದನ್ನು ಭಾವ ಕಂಡಿರಲಿಲ್ಲ. ಡಬ್ಬಿಯನ್ನು ಮೆಲ್ಲಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು. ಅಂಚಿನಲ್ಲಿ ಹುಣಸೆಬೀಜದಷ್ಟು ಹಿಟ್ಟು ಅಂಟಿತ್ತು. ಅದನ್ನು ಚಮಚದಿಂದ ಕೆರೆದು, ತಾವೇ ಒಲೆ ಹೊತ್ತಿಸಿ, “ಹೇಳು, ಮೈದಾ ಎಷ್ಟು ಲೋಟ?” ಎಂದರು. ಆಮೇಲೆ ಅವರಿರುವ ತನಕ ನಿಂಬೆಹಣ್ಣು ಹಿಂಡುವುದು ಅವರದೇ ಕೆಲಸವಾಯಿತು.

ಈಗ ಭಾವ ಇಲ್ಲ, ನಮ್ಮ ಯಜಮಾನರೂ ಇಲ್ಲ. ಅಕ್ಕ ನನ್ನ ಜೊತೆ ಇದ್ದಾಳೆ. ಅವಳ ಜೊತೆ ಬಂದ ಡಬ್ಬಿ, ಕೋಳಿ ಎರಡೂ ನಮ್ಮ ಅಡುಗೆಮನೆಯ ಗೂಡು ಸೇರಿವೆ. ಅವಳ ಬೆರಳು ಮಡಚುವುದಿಲ್ಲ, ನಾದುವವಳು ನಾನು. ಹದ ನೋಡಲು ನನ್ನ ಕಿವಿ ಹಿಡಿದರೆ ಒಪ್ಪುವುದಿಲ್ಲ. “ನಿಂದು ಗಟ್ಟಿ ಕಿವಿ. ನಂದು ಹಿಡಿದು ನೋಡು,” ಎಂದು ತಲೆ ಬಾಗಿಸುತ್ತಾಳೆ.

“ಪುಟ್ಟಜ್ಜಿಗೇ ಈಗ ಮಕ್ಕಳಿರ್ತಾರೆ ಅಕ್ಕ.”

“ಇರಲಿ. ನಾಳೆ ಅಂತ ಹೇಳಿ ಹೋಗಿದಾಳಲ್ಲ.”

ಮೊನ್ನೆ ಮಹಡಿ ಮನೆಯ ಮಗು ನಾನು ನಾದುವಾಗ ಬಂದು ಕೂತಿತು. “ನಂಗೂ ಕೊಡಜ್ಜಿ” ಎಂದು ಕೈ ಚಾಚಿತು. ಇಷ್ಟು ವರ್ಷ ಆ ಉಂಡೆಯನ್ನು ಮಕ್ಕಳ್ಯಾರೂ ಮುಟ್ಟಿರಲಿಲ್ಲ. ನಾನು ಅಕ್ಕನ ಮುಖ ನೋಡಿದೆ. ಅವಳು ಉಂಡೆಯನ್ನೇ ನೋಡುತ್ತಿದ್ದಳು.

“ಹೆಪ್ಪು ಕೇಳಿದೋರಿಗೆ ಇಲ್ಲ ಅನ್ನೋಕಾಗುತ್ತಾ,” ಎಂದು, ಮಡಚದ ಬೆರಳುಗಳಿಂದಲೇ ನಿಂಬೆಗಾತ್ರದ ಒಂದು ಚೂರು ಕಿತ್ತು ಕೊಟ್ಟಳು.

ಮಗು ಗೂಡಿನ ಕಡೆ ನೋಡುತ್ತಾ ಸಣ್ಣ ಗುಂಡು ಉರುಳಿಸತೊಡಗಿತು.

“ಏನು ಮಾಡ್ತಿದೀಯ?” ಎಂದಳು ಅಕ್ಕ.

“ಆ ಕೋಳಿಗೆ ಮರಿ.”

“ಅದು ಬೇಡ ಕಂದ. ನೀನು ಹಾವು ಮಾಡು, ಬಳೆ ಮಾಡು, ಬೇರೆ ಏನಾದ್ರೂ ಮಾಡು.”

“ಯಾಕೆ, ಅದಕ್ಕೆ ಮರಿ ಇಲ್ವಾ?”

“ಇದಾವೆ. ಮಾಡೋಳು ಬರಬೇಕು.”

ಮಗು ಒಪ್ಪಿಕೊಂಡು ಉದ್ದನೆಯ ಹಾವು ಹೊಸೆಯಿತು. ಅಕ್ಕ ಉಳಿದ ಹಿಟ್ಟನ್ನು ಡಬ್ಬಿಗೆ ಹಾಕಿ ಬಟ್ಟೆಗಾಗಿ ಕೈ ನೀಡಿದಳು. ನಾನು ನೆನೆಸಿ, ಹಿಂಡಿ ಕೊಟ್ಟೆ.